ನತಾಲಾಂ ಮೀಮಾಂಸೆ ಅಥವಾ ರಿಲೀವರ್ ಬಾರದ ಕ್ರಿಸ್‌ಮಸ್

ಕ್ರಿಸ್‌ಮಸ್ ಡಿಸೆಂಬರ್ 25ಕ್ಕೆ ಬರುತ್ತದೆ ಎಂಬುದು ಪೂರ್ವಪಕ್ಷ. ಗೋಡೆಯ ಕ್ಯಾಲೆಂಡರು, ಬ್ಯಾಂಕಿನ ರಜಾಪಟ್ಟಿ, ಶಾಲೆಯ ಡೈರಿ ಮೂರೂ ಈ ಪಕ್ಷದವೇ. ಆದರೆ ಮಂಗಳೂರಿನ ಕಥೊಲಿಕ್ ಮನೆಗಳಲ್ಲಿ, ಅದರಲ್ಲೂ ಮಗ ಶಿಪ್ಪಿನಲ್ಲಿರುವ ಮನೆಗಳಲ್ಲಿ, ಬೇರೆಯೇ ಸಿದ್ಧಾಂತವೊಂದು ಚಾಲ್ತಿಯಲ್ಲಿದೆ: ಮಗ ಕರಾರು ಮುಗಿದು ಸೈನ್ ಆಫ್ ಆಗಿ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ದಿನವೇ ನತಾಲಾಂ. ಕೊಂಕಣಿಯವರು ಕ್ರಿಸ್‌ಮಸ್ಸನ್ನು ಕರೆಯುವ ಈ ಹೆಸರಿನ ಬೆನ್ನು ಹತ್ತಿದರೆ ಸಾಕು, ಸಿದ್ಧಾಂತಕ್ಕೆ ಬೇಕಾದ ಪ್ರಮಾಣಗಳೆಲ್ಲ ನಡುಗಡಲಿನಲ್ಲೇ ಸಿಗುತ್ತವೆ.

ಪ್ರಥಮ ಪ್ರಮಾಣ ವಾಸ್ಕೋ ಡ ಗಾಮ. 1497ರ ಕ್ರಿಸ್‌ಮಸ್ ಹೊತ್ತಿಗೆ ಆತ ಇತ್ತ ಕೋಳಿಕ್ಕೋಡನ್ನೂ ಮುಟ್ಟಿರಲಿಲ್ಲ, ಅತ್ತ ಮನೆಗೂ ಹೋಗುವಂತಿರಲಿಲ್ಲ. ಕಣ್ಣಿಗೆ ಬಿದ್ದ ಆಫ್ರಿಕದ ದಡಕ್ಕೇ ಹಬ್ಬದ ಹೆಸರಿಟ್ಟ: ನತಾಲ್. ರಜೆ ಸಿಗದ ನೌಕರ ಇಷ್ಟು ದೊಡ್ಡ ಪ್ರದೇಶದ ಮೇಲೆ ಸಿಟ್ಟು ತೀರಿಸಿಕೊಂಡ ಉದಾಹರಣೆ ಇನ್ನೊಂದು ಸಿಗಲಾರದು.

ದ್ವಿತೀಯ ಪ್ರಮಾಣ ಕರುಣಾಜನಕ. 1492ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಕೊಲಂಬಸನ ಸಾಂತಾ ಮರಿಯಾ ಹಡಗು ಇಂದಿನ ಹೈಟಿಯ ದಡದ ಬಳಿ ನೆಲಕಚ್ಚಿತು. ಹಿರಿಯರೆಲ್ಲ ಮಲಗಿದ್ದರು, ಚುಕ್ಕಾಣಿ ಒಬ್ಬ ಹುಡುಗನ ಕೈಯಲ್ಲಿತ್ತು. ಹಡಗಿನ ಹಲಗೆಗಳಿಂದಲೇ ಕೋಟೆ ಕಟ್ಟಿಸಿ, ಸ್ಪ್ಯಾನಿಷ್ ಭಾಷೆಯಲ್ಲಿ ಕ್ರಿಸ್‌ಮಸ್ ಎಂದೇ ಅರ್ಥವಾಗುವ ‘ಲಾ ನವಿದಾದ್’ ಎಂಬ ಹೆಸರಿಟ್ಟು, 39 ಮಂದಿಯನ್ನು ಅಲ್ಲೇ ಬಿಟ್ಟು ಕೊಲಂಬಸ್ ಊರಿಗೆ ಹೊರಟ. ಆತ ಮರಳಿದ್ದು 1493ರ ನವೆಂಬರಿನಲ್ಲಿ. ಕೋಟೆ ಸುಟ್ಟು ಬೂದಿಯಾಗಿತ್ತು, ಒಬ್ಬನೂ ಉಳಿದಿರಲಿಲ್ಲ. ಕೆಲಸ ವಹಿಸಿಕೊಂಡು ಮನೆಗೆ ಬಿಡುವ ರಿಲೀವರ್ ತಡವಾದರೆ ಏನಾದೀತು ಎಂಬುದಕ್ಕೆ ಇದಕ್ಕಿಂತ ಹಳೆಯ ಕಡತ ಬೇಕಿಲ್ಲ. ನಾವಿಕನನ್ನು 12 ತಿಂಗಳು ತುಂಬುವುದರೊಳಗೆ ಮನೆಗೆ ಕಳಿಸಬೇಕೆಂದು ಜಗತ್ತು ಲಿಖಿತವಾಗಿ ಒಪ್ಪಿಕೊಂಡದ್ದು 2006ರ ಕಡಲ ಕಾರ್ಮಿಕ ಒಪ್ಪಂದದಲ್ಲಿ. ಅವಸರವೇನೂ ಇರಲಿಲ್ಲವೆನ್ನಿ.

ತಿಥಿನಿರ್ಣಯ ಇನ್ನೂ ಜಟಿಲ. ಜಪಾನಿನಿಂದ ಅಮೆರಿಕದತ್ತ ಹೊರಟ ಹಡಗು 25ರಂದು ದಿನಾಂಕ ರೇಖೆ ದಾಟಿದರೆ ಮರುದಿನವೂ 25. ಒಬ್ಬನಿಗೆ ಎರಡು ಕ್ರಿಸ್‌ಮಸ್. 24ರ ರಾತ್ರಿ ಎದುರು ದಿಕ್ಕಿನಲ್ಲಿ ದಾಟಿದವನು ಬೆಳಗ್ಗೆ ಎದ್ದರೆ 26. ಅಧಿಕಮಾಸ, ಕ್ಷಯಮಾಸಗಳ ಲೆಕ್ಕದಲ್ಲಿ ಪಳಗಿದ ಪಂಚಾಂಗಕರ್ತರೂ ಇಲ್ಲಿ ಕೈಚೆಲ್ಲಬೇಕು.

ಇನ್ನು ಕುಸ್ವಾರ್. ಹಬ್ಬದ ಈ ತಿಂಡಿಗಳನ್ನು ರುಚಿಯ ಮೇಲೆ ವರ್ಗೀಕರಿಸುವುದು ಹಳೆಯ ಪದ್ಧತಿ. ಸಾಗಣೆಗೆ ಎಷ್ಟು ತಡೆಯುತ್ತದೆ ಎಂಬುದೇ ಶಾಸ್ತ್ರೀಯ ಮಾನದಂಡ. ಹೂವಿನಾಕಾರದ ಕೊಕ್ಕಿಸಾಂ ಚೆಕ್-ಇನ್ ಬ್ಯಾಗಿನಲ್ಲಿ ಹೂವಾಗಿ ಹೋಗಿ ಹುಡಿಯಾಗಿ ತಲುಪುತ್ತದೆ. ನೆವ್ರಿಯ ಅಂಚು ಬಿಚ್ಚಿಕೊಂಡರೆ ಒಳಗಿನ ಹೂರಣವೆಲ್ಲ ಅಂಗಿಯ ಕಿಸೆಗೆ. ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದ ಕಿಡಿಯೊ ಮಾತ್ರ ಅಭೇದ್ಯ. ಹೆಸರಿಗೆ ಹುಳುಗಳು, ಆದರೆ ಮಸ್ಕತ್ತೇನು, ರಾಟರ್‌ಡ್ಯಾಮೇನು, ಎಲ್ಲಿಗೂ ಆಕಾರಗೆಡದೆ ಮುಟ್ಟುತ್ತವೆ. ಏಳು ಕಿಲೋದ ಕೈಚೀಲದಲ್ಲಿ ಐದು ಕಿಲೋ ಕಿಡಿಯೊ ತುಂಬುವ ತಾಯಂದಿರು ಈ ಶಾಸ್ತ್ರವನ್ನು ಓದಿ ಕಲಿತವರಲ್ಲ.

ತಡವಾಗಿ ಬಂದವನಿಗೆ ಹಬ್ಬದಲ್ಲಿ ಹಕ್ಕುಂಟೆ? ಉಂಟು. ಮೂಡಣದ ಜ್ಞಾನಿಗಳು ನಕ್ಷತ್ರ ನೋಡಿಕೊಂಡು ಬಂದ ಹಬ್ಬ ಜನವರಿ 6ರಂದು; ಅವರನ್ನು ಯಾರೂ ತಡವೇಕೆಂದು ಗದರಿದ ದಾಖಲೆಯಿಲ್ಲ. ಅಷ್ಟೇಕೆ, ಲೂಕನ ಸುವಾರ್ತೆಯ ಪ್ರಕಾರ ಜೋಸೆಫ್ ಮತ್ತು ಮರಿಯ ಬೆತ್ಲೆಹೇಮಿನಲ್ಲಿದ್ದದ್ದೇ ಸರಕಾರಿ ಜನಗಣತಿಯ ಕೆಲಸಕ್ಕೆ. ಊರಿಂದ ದೂರ, ಛತ್ರದಲ್ಲಿ ಜಾಗವಿಲ್ಲ.

ಈ ಪ್ರಮಾಣಗಳ ಬಲದಿಂದಲೋ ಏನೋ, ಮಂಗಳೂರಿನ ಅಂತಹ ಮನೆಗಳ ಜಗಲಿಯಲ್ಲಿ ಯೇಸುಜನನದ ಗೊಂಬೆಗಳ ಗೋದಲಿಯನ್ನು ಜನವರಿ ಕಳೆಯುತ್ತ ಬಂದರೂ ತೆಗೆದಿರುವುದಿಲ್ಲ. ಬಿತ್ತಿದ್ದ ರಾಗಿಯ ಪೈರು ಒಣಗಿರುತ್ತದೆ, ಒಂದು ಕುರಿಗೆ ಕಾಲಿರುವುದಿಲ್ಲ. ಕೇಳಿದರೆ “ಅವ ಬರ್ಲಿಕ್ಕೆ ಉಂಟಲ್ಲ, ಇರ್ಲಿ” ಎಂಬ ಏಕವಾಕ್ಯದ ಭಾಷ್ಯ. ಅಟ್ಟದ ಮೇಲಿನ ಕಿಡಿಯೊ ಡಬ್ಬಿಯನ್ನು ಪುರಾವೆಗಾಗಿ ತೆರೆಯಹೊರಟ ಸಂಶೋಧಕನಿಗೆ ಎರಡು ಬಾಳೆಹಣ್ಣು ಕೊಟ್ಟು, ಮೆಟ್ಟಲಿನವರೆಗೆ ಬಂದು, ಬಸ್ಸಿನ ಹೊತ್ತು ಹೇಳಿ ಕಳಿಸಲಾಗುತ್ತದೆ.