ಕಂಫರ್ಟ್ ಝೋನಿನ ಕಾಯಂ ನಿವಾಸಿ

ನನ್ನ ಮಗನಿಗೆ ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಅವನ ಕಂಪನಿಗೆ ಆಗಾಗ ಯಾರೋ ಒಬ್ಬರು ಬಂದು, ಏಸಿ ಹಾಲಿನಲ್ಲಿ ಮೈಕು ಹಿಡಿದು, ‘ಕಂಫರ್ಟ್ ಝೋನಿನಿಂದ ಹೊರಗೆ ಬನ್ನಿ’ ಎಂದು ಎರಡು ತಾಸು ಹೇಳಿ, ಊಟ ಮಾಡಿಕೊಂಡು ಹೋಗುತ್ತಾರೆ. ಮಗನ ಪಾಲಿಗೆ ಅದು ಪುಕ್ಕಟೆ ಸಿಕ್ಕ ಅರ್ಧ ದಿನದ ರಜೆ. ಆದರೆ ಆ ಮಾತನ್ನು ಅವನು ಮನೆಗೂ ತಂದ. ನನ್ನ ಹೆಂಡತಿ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಅನುಭವಿಸಿದವನು ನಾನು.

ಮೊದಲ ಕ್ರಾಂತಿ ಅನ್ನದಲ್ಲಾಯಿತು. ಧಾರವಾಡ ಬಿಟ್ಟು ಮಗನ ಮನೆಗೆ ಬರುವಾಗ ಸೋನಾಮಸೂರಿ ಮೂಟೆಯನ್ನೇ ಹೊತ್ತು ತಂದವಳು, ಅದು ಮುಗಿದದ್ದೇ ಇಂದ್ರಾಯಣಿ ಅಕ್ಕಿಗೆ ಪಕ್ಷಾಂತರ ಮಾಡಿದಳು. ಪಕ್ಕದ ವಡಗಾಂವದ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ತಳಿ ಅದು. ಘಮ್ಮೆನ್ನುತ್ತದೆ, ಆದರೆ ಅನ್ನ ಒಂದಕ್ಕೊಂದು ಅಂಟಿಕೊಂಡು ಕೂಡುತ್ತದೆ. ಅಂಗಡಿಯದು ಬೇಡವೆಂದು ಲೋಣಾವಳಾ ಲೋಕಲ್ ಹತ್ತಿ, ಕಾಮಶೇತಕ್ಕೆ ಹೋಗಿ, ರೈತರ ಮನೆಯಿಂದಲೇ ತರತೊಡಗಿದಳು. ಮರಾಠಿಯಲ್ಲಿ ಐವತ್ತರವರೆಗೆ ಚೌಕಾಸಿ ಮಾಡುತ್ತಾಳೆ. ಅದರಾಚೆ ಲೆಕ್ಕ ಹೋದರೆ ನೇರ ಕನ್ನಡ. ಎದುರಿನವರು ಬೆಲೆ ಇಳಿಸುತ್ತಾರೆ. ಸಂಜೆ ಭಜನೆಯ ಮಂಡಳಿ ಬೇರೆ.

ನಾನು ಬಾಲ್ಕನಿಯ ಕುರ್ಚಿಯಲ್ಲಿ. ಹೊರಗೆ ಈ ಮಾವಳ ಸೀಮೆಯ ಮಳೆ ಜಡಿಯುತ್ತಿದ್ದರೂ ಮೊಬೈಲಿನಲ್ಲಿ ಧಾರವಾಡದ ಹವಾಮಾನ ನೋಡುತ್ತ ಕೂತವನು.

“ರೀ, ಭೀಮಸೇನ ಜೋಶಿಯವರು ಹನ್ನೊಂದು ವರ್ಷದ ಹುಡುಗ ಇದ್ದಾಗ, ಸಂಗೀತಕ್ಕಂತ ಗದಗ ಬಿಟ್ಟು ಓಡಿ ಹೋದ್ರು. ನೀವು ಸ್ಟೇಷನ್ ತನಕ ಆದ್ರೂ ನಡದು ಬರ್ರಿ.”

1933ರ ಆ ಪಲಾಯನದ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಆಗ ಅವರಿಗೆ ಮದುವೆಯಾಗಿರಲಿಲ್ಲ. ಆಗಿದ್ದರೆ ಹೊಸ್ತಿಲಲ್ಲೇ ‘ಎಷ್ಟೊತ್ತಿಗೆ ಬರ್ತೀರಿ? ಬರುವಾಗ ಕೊತ್ತಂಬರಿ ತರ್ರಿ’ ಅಂತ ಕೇಳಿಬಂದು, ಹಿಂದೂಸ್ತಾನಿ ಸಂಗೀತದ ಚರಿತ್ರೆಯೇ ಬೇರೆಯಾಗುತ್ತಿತ್ತು.

ಕೊನೆಗೆ ನನ್ನ ನೆರವಿಗೆ ಬಂದದ್ದು ಈ ಊರಿನದೇ ಗಾಜಿನ ಕಾರ್ಖಾನೆ. ದೀಪದ ಚಿಮಣಿ, ಹೆಂಗಸರ ಬಳೆ ಎಲ್ಲ ಆಸ್ಟ್ರಿಯಾ, ಬೆಲ್ಜಿಯಂ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದ ಕಾಲದಲ್ಲಿ ಅಂತಾಜಿ ದಾಮೋದರ ಕಾಳೆ ಎಂಬವರು ಒಂದು ಯೋಚನೆ ಮಾಡಿದರು: ಪ್ರತಿಯೊಬ್ಬರೂ ವರ್ಷಕ್ಕೆ ಒಂದೇ ಒಂದು ಪೈಸೆ ಕೊಡಲಿ, ಅದರಲ್ಲಿ ಸ್ವದೇಶಿ ಉದ್ಯಮ ಕಟ್ಟೋಣ. ಟಿಳಕರು ಬೆನ್ನಿಗೆ ನಿಂತರು. 1908ರಲ್ಲಿ ತಳೇಗಾಂವದಲ್ಲಿ ಪೈಸಾ ಫಂಡ್ ಗ್ಲಾಸ್ ವರ್ಕ್ಸ್ ಶುರುವಾಯಿತು. ಜಪಾನು, ಅಮೆರಿಕಗಳಿಗೆ ಹೋಗಿ ಗಾಜಿನ ವಿದ್ಯೆ ಕಲಿತು ಬಂದಿದ್ದ ಈಶ್ವರದಾಸ ವಾರ್ಷ್ಣೇಯರು ಕೈಜೋಡಿಸಿದರು. ಇಲ್ಲಿ ಪಳಗಿದ ಕೆಲಸಗಾರರು ಮುಂದೆ ಬೇರೆ ಊರುಗಳ ಕಾರ್ಖಾನೆಗಳಿಗೂ ಹೋದರು. ಕಾರ್ಖಾನೆ ಶುರುವಾದ ವರ್ಷವೇ ಟಿಳಕರಿಗೆ ಮಂಡಾಲೆಯ ಆರು ವರ್ಷದ ಸೆರೆಯಾಯಿತು. ಅಲ್ಲಿ ಕೂತು ‘ಗೀತಾರಹಸ್ಯ’ ಬರೆದರು. ಅಂದರೆ ಕೂತಲ್ಲೇ ಕೂತವರೆಲ್ಲ ಸೋಮಾರಿಗಳಲ್ಲ. ಈ ಅಂಶವನ್ನು ಮನೆಯಲ್ಲಿ ಯಾರೂ ಗಮನಿಸುವುದಿಲ್ಲ.

ನನಗೆ ಬೇಕಾಗಿದ್ದದ್ದು ಗಾಜಿನ ತಾಂತ್ರಿಕ ವಿವರ. ಸುಮಾರು 1,400 ಡಿಗ್ರಿಯ ಕುಲುಮೆಯಲ್ಲಿ ಕರಗಿದ ಗಾಜನ್ನು ಕಬ್ಬಿಣದ ಪೊಳ್ಳು ಕೊಳವೆಯ ತುದಿಗೆ ಸುತ್ತಿ ತೆಗೆಯುತ್ತಾರೆ. ಒಂದು ಕಡೆಯಿಂದ ಊದುತ್ತಾರೆ, ಕೈ ಕೊಳವೆಯನ್ನು ತಿರುಗಿಸುತ್ತಲೇ ಇರಬೇಕು. ತಿರುಗಿಸುವುದು ನಿಂತಿತೋ, ಗಾಜು ಜೋತುಬಿದ್ದು ಮೂತಿ ಸೊಟ್ಟಗಾಗುತ್ತದೆ. ಆಕಾರ ಬಂತೆಂದು ಅದನ್ನು ಹಾಗೇ ಹೊರಗಿಟ್ಟರೆ ಹೊರಮೈ ಬೇಗ ಆರಿ, ಒಳಗೆ ಬಿಸಿ ಉಳಿದು, ಆ ಎಳೆದಾಟಕ್ಕೆ ಬಿರುಕು ಬಿಡುತ್ತದೆ. ಹಾಗಾಗಿ ಇನ್ನೊಂದು ಗೂಡಿನಲ್ಲಿಟ್ಟು, ಶಾಖವನ್ನು ಹಂತಹಂತವಾಗಿ ಇಳಿಸುತ್ತಾರೆ.

ಇಷ್ಟು ಸಿಕ್ಕಿದ್ದೇ ತಡ, ಊಟದ ಹೊತ್ತಿಗೆ ಮಂಡಿಸಿದೆ. “ನೋಡು, ಬೆಚ್ಚಗಿರೋ ಜಾಗದಿಂದ ಒಮ್ಮೆಲೇ ಹೊರಗ ತೆಗದ್ರ ಬಿರೀತದ. ವಿಜ್ಞಾನ ಹೇಳೋದು. ನಂದು ಈಗ ನಿಧಾನಕ್ಕ ಆರೋ ಹಂತ.”

ಅವಳು ಸಾರಿನ ಸೌಟು ತಿರುಗಿಸುತ್ತಲೇ ಅಂದಳು: “ಆರಬೇಕಂದ್ರ ಮೊದಲ ಕಾಯಬೇಕಲ್ರೀ. ನೀವು ಕಾದದ್ದು ಯಾವಾಗ?”

ಸೊಸೆ ನೀರು ಕುಡಿಯುತ್ತಿದ್ದವಳು ಕೆಮ್ಮಿದಳು. ಮೊಮ್ಮಗ “ಅಜ್ಜಾ, ಔಟ್” ಅಂದ.

ಮರುದಿನವೇ ನನ್ನನ್ನು ಕಾಯಿಸುವ ಕಾರ್ಯಕ್ರಮ: ಭಂಡಾರಾ ಡೋಂಗರ. ತುಕಾರಾಮ ಮಹಾರಾಜರು ಧ್ಯಾನಕ್ಕೆ ಕೂಡುತ್ತಿದ್ದ, ಇಂದೋರಿ ಬಳಿಯ ಗುಡ್ಡ. ಮೇಲಿನವರೆಗೂ ವಾಹನಗಳು ಹೋಗುತ್ತವೆಂಬ ನನ್ನ ಸಂಶೋಧನೆಗೆ ಬೆಲೆ ಸಿಗಲಿಲ್ಲ. ಭಜನೆಯ ಹೆಂಗಸರೆಲ್ಲ ಮಾತಾಡುತ್ತ ಹತ್ತುತ್ತಿದ್ದರು. ನಾನು ಮಾತಿಗೆ ಬೇಕಾದ ಉಸಿರನ್ನು ಉಳಿತಾಯ ಮಾಡುತ್ತ ಹತ್ತಿದೆ. ದಾರಿಯಲ್ಲಿ ನಮ್ಮನ್ನು ದಾಟಿಹೋದ ಒಂದೊಂದು ಬೈಕನ್ನೂ ನೋಡಿ ಹೆಂಡತಿಯ ಕಡೆ ತಿರುಗಿದೆ. ಅವಳು ಗುಡ್ಡದ ಹಸಿರು ನೋಡುತ್ತಿದ್ದಳು.

ಮೇಲೆ ತಲುಪಿ ಕೂತ ಮೇಲೆ ಮಂಡಳಿಯ ಹಿರಿಯಾಕೆ ನನ್ನವಳಿಗೇ “ತುಮ್ಹೀ ಸುರೂ ಕರಾ” ಅಂದರು. ಧಾರವಾಡದ ರಾಗ ಬೆರೆತ ಮರಾಠಿ ಅಭಂಗವನ್ನು ಅವಳು ಎತ್ತಿಕೊಂಡಳು, ಉಳಿದ ಅಷ್ಟೂ ಜನ ಹಿಂದೆ ಬಂದರು. ಯಾರೋ ನನ್ನ ಕೈಗೂ ತಾಳ ಕೊಟ್ಟರು. ಪಕ್ಕದ ಅಜ್ಜಿಯೊಬ್ಬರು ನನ್ನ ತಾಳವನ್ನು ಸ್ವಲ್ಪ ಹೊತ್ತು ಸಹಿಸಿ, ಆಮೇಲೆ ಮೆತ್ತಗೆ ಅದನ್ನು ಇಸಿದುಕೊಂಡು, ಬದಲಿಗೆ ಪ್ರಸಾದದ ತಟ್ಟೆ ಇಟ್ಟರು. ಅದನ್ನು ಹಂಚುವುದರಲ್ಲಿ ನನ್ನ ಲಯ ಎಲ್ಲೂ ತಪ್ಪಲಿಲ್ಲ.