ಜಯನಗರದ ಚರ್ಮಶಾಸನ: ಪಾಠ, ಕಾಲನಿರ್ಣಯ ಮತ್ತು ಹೊಟ್ಟೆ

ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದ್ದು, ಅದರಲ್ಲಿ ಹದಿನಾರು ಸಾಲುಗಳಿವೆ. ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನ ಮನೆಯೊಂದರ ಬೀರುವಿನಲ್ಲಿ, ನುಸಿಗುಳಿಗೆಗಳ ನಡುವೆ ಈಚೆಗೆ ಪತ್ತೆಯಾದ ಶಾಸನದಲ್ಲಿ ಸಾಲುಗಳೇ ಇಲ್ಲ, ಏಳು ತೂತುಗಳಿವೆ. ಕಂದು ಬಣ್ಣದ ಚರ್ಮ, ಹಿತ್ತಾಳೆಯ ಬಕಲ್, ಬೆವರಿನ ಕಲೆ. ಓದಲು ಬರುವವರಿಗೆ ಇಷ್ಟು ಸಾಕು.

ಮೊದಲ ಐದು ತೂತುಗಳು ಕಾರ್ಖಾನೆಯವು: ಗುಂಡಗೆ, ನೀಟಾಗಿ, ಇಂಚಿಗೊಂದರಂತೆ 34ರಿಂದ 38ರವರೆಗೆ. ಕೊನೆಯ ಎರಡು ಮನೆಯಲ್ಲಿ ಆದವು. ಗ್ಯಾಸ್ ಒಲೆಯ ಮೇಲೆ ಮೊಳೆ ಕಾಯಿಸಿ ಒತ್ತಿದ್ದರಿಂದ ಅವುಗಳ ಅಂಚು ಸುಟ್ಟು ಕಪ್ಪಾಗಿದೆ. ಏಳನೆಯದಂತೂ ನಡುಗೆರೆ ತಪ್ಪಿ ಓರೆಗೆ ಬಿದ್ದಿದೆ. ಆಸ್ಥಾನದ ಕಂಡರಣೆಗಾರರು ಹಸಿದಿದ್ದಿರಬೇಕು.

ಕಾಲನಿರ್ಣಯದಲ್ಲಿ ವಿದ್ವಾಂಸರು ಎರಡು ಪಂಗಡ. ದೊರೆ ಸಣ್ಣಗಾಗುತ್ತ ಬಂದು ಹೊಸ ತೂತು ಹಾಕಿಸಿದನೆಂಬುದು ಆಶಾವಾದಿಗಳ ಓದು. ಹಾಗಿದ್ದರೆ ತೂತು ಬಕಲ್‌ನ ಕಡೆಗೆ ಬೀಳಬೇಕಿತ್ತು, ತುದಿಯ ಕಡೆಗಲ್ಲ ಎಂದು ಎದುರು ಪಕ್ಷದ ಸೊಸೆಯೊಬ್ಬರು ಒಂದೇ ವಾಕ್ಯದಲ್ಲಿ ಆ ವಾದವನ್ನು ಮುಗಿಸಿದ್ದಾರೆ. ನಾಲ್ಕನೆಯ ತೂತು ಹಿಗ್ಗಿ ಮೊಟ್ಟೆಯಾಕಾರ ತಾಳಿರುವುದರಿಂದ ಅಲ್ಲಿ ದೀರ್ಘ ಆಳ್ವಿಕೆ ನಡೆದಿದೆ. ಅದು ದೊರೆ ಬ್ಯಾಂಕ್ ಮ್ಯಾನೇಜರ್ ಆಗಿದ್ದ ಕಾಲ.

ಏಷ್ಯಾದ ಗಂಡಸರಿಗೆ ವೈದ್ಯರು ಹಾಕಿರುವ ಸೊಂಟದ ಗಡಿ 90 ಸೆಂಟಿಮೀಟರ್, ಹೆಂಗಸರಿಗೆ 80. ತೊಂಬತ್ತೆಂದರೆ ಮೂವತ್ತೈದೂವರೆ ಇಂಚಿಗೆ ಕೂದಲೆಳೆಯಷ್ಟು ಕಡಿಮೆ. ಅಂದರೆ ಎರಡನೆಯ ತೂತು ಬಿಟ್ಟು ಮೂರನೆಯದಕ್ಕೆ ದಾಟಿದ ದಿನವೇ ಗಡಿ ದಾಟಿಯಾಗಿತ್ತು. ಇದರ ಮೇಲೆ, ಎಲ್ಲ ರಾಜಪ್ರಶಸ್ತಿಗಳಂತೆ ಈ ಶಾಸನವೂ ಮುಖಸ್ತುತಿಯದು. ಬೆಲ್ಟು ಹೊಟ್ಟೆಯ ಕೆಳಗೆ ಜಾರಿ ಕೂರುತ್ತದೆ; ಅಳೆಯಬೇಕಾದದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ಅಲ್ಲಿ ದರ್ಜಿಯ ಟೇಪು ಹಿಡಿದಾಗ 104 ಬಂತು. ಶಾಸನ ಹೇಳಿದ್ದು 40 ಇಂಚು, ಅಂದರೆ 102ಕ್ಕೂ ಒಳಗೆ.

ಇನ್ನು ಪೂರ್ವಪಕ್ಷ. ದೊರೆಯ ಹೇಳಿಕೆ ಹೀಗಿದೆ: "ಮೂರು ತಿಂಗಳಿಂದ ಲಾಲ್‌ಬಾಗ್ ಸುತ್ತುತ್ತಿದ್ದೇನೆ. 84 ಕಿಲೋ ಕದಲುತ್ತಿಲ್ಲ. ನಂದು ಇನ್ಸುಲಿನ್ ರೆಸಿಸ್ಟೆನ್ಸ್." ಥೈರಾಯ್ಡ್ ಮತ್ತು ವಂಶಪಾರಂಪರ್ಯ ಎಂಬ ಹಳೆಯ ಸಾಕ್ಷಿಗಳು ರಕ್ತಪರೀಕ್ಷೆಯಲ್ಲಿ ತಿರುಗಿಬಿದ್ದ ಮೇಲೆ ಕರೆಸಿದ ಹೊಸ ಸಾಕ್ಷಿ ಇದು. ಪಟ್ಟಮಹಿಷಿಯ ಆಕ್ಷೇಪವೂ ದಾಖಲಾಗಿದೆ: "ಸುತ್ತಿ ಬಂದು ಖಾಲಿದೋಸೆ ಮೂರು ತಿಂದ್ರೆ, ಪಾಪ, ಇನ್ಸುಲಿನ್ ಏನ್ರೀ ಮಾಡತ್ತೆ?"

ಸಾಕ್ಷಿ ಸುಳ್ಳಲ್ಲ. ಕೆಲವು ಮಧುಮೇಹಿಗಳ ದೇಹ ಇನ್ಸುಲಿನ್ ಕೊಟ್ಟರೂ ಕಿವಿಗೊಡುವುದಿಲ್ಲವೆಂದು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ 1936ರಲ್ಲೇ ತೋರಿಸಿದ್ದ. ಇನ್ಸುಲಿನ್ ಊರಿನ ಡಂಗುರದವನಿದ್ದಂತೆ. ಊಟವಾದೊಡನೆ "ಸಕ್ಕರೆ ಬಂದಿದೆ, ಒಳಗೆ ತಗೊಳ್ಳಿ" ಎಂದು ಸಾರುತ್ತದೆ. ಸ್ನಾಯು, ಯಕೃತ್ತುಗಳು ಕಿವುಡಾದರೆ ಮೇದೋಜ್ಜೀರಕ ಗ್ರಂಥಿ ಇನ್ನೂ ಜೋರಾಗಿ ಬಡಿಯುತ್ತದೆ. ಅದೇ ಡಂಗುರದಲ್ಲಿ ಇನ್ನೊಂದು ಆಜ್ಞೆಯೂ ಇದೆ: "ಕೊಬ್ಬಿನ ಕಣಜ ತೆಗೆಯಬೇಡಿ." ಈ ಆಜ್ಞೆ ಮೆಲ್ಲಗೆ ಬಡಿದರೂ ಕೇಳಿಸುತ್ತದೆ. ಹಾಗಾಗಿ ದಿನಕ್ಕೆ ಎಂಟು ಸಲ ಕಾಫಿ, ಬಿಸ್ಕತ್ತು, ಚಕ್ಕುಲಿ ಎಂದು ಬಾಯಾಡಿಸುವವರ ಊರಲ್ಲಿ ಡಂಗುರ ನಿಲ್ಲುವುದೇ ಅಪರೂಪ. ಕೊನೆಕೊನೆಗೆ ಕಣಜಕ್ಕೂ ಕಿವುಡು ಬಂದು, ಕೊಬ್ಬು ಬೇಡದ ಹೊತ್ತಿನಲ್ಲಿ ಸೋರಿ ಯಕೃತ್ತಿಗೆ ಸೇರುತ್ತದೆ. ದೊರೆಯ ಕತ್ತಿನ ಹಿಂದಿನ ಕಪ್ಪು, ಮಖಮಲ್ಲಿನಂಥ ಪಟ್ಟಿಯೂ ಇದೇ ಕಾಲದ ಉಪಶಾಸನ. ಅದನ್ನು ಕಡಲೆಹಿಟ್ಟು ಹಾಕಿ ಉಜ್ಜಿದ್ದು ಪುರಾತತ್ತ್ವದ ದೃಷ್ಟಿಯಿಂದ ಅಪರಾಧ.

ತೆಳ್ಳಗಿರುವವರು ಇಲ್ಲಿ ನಗಬಾರದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ತಮ್ಮದೇ ಫೋಟೊ ಹಾಕಿಕೊಂಡರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ 21.2. ಇಷ್ಟು ಮರ್ಯಾದಸ್ಥ ಆತ್ಮನಿಂದೆ ದಾಸರ ಪದಗಳಾಚೆ ಸಿಗುವುದು ಕಷ್ಟ.

ಆದರೆ ಕಿವುಡು ಇದ್ದವರಿಗೆ ತೂಕ ಇಳಿಯುವುದೇ ಇಲ್ಲವೆಂಬ ತೀರ್ಪಿಗೆ ಆಧಾರವಿಲ್ಲ. ಸ್ಟ್ಯಾನ್‌ಫೋರ್ಡಿನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಮಂದಿಯನ್ನು ಒಂದು ವರ್ಷ ಎರಡು ಪಂಕ್ತಿಯಲ್ಲಿ ಕೂರಿಸಿತು: ಒಂದಕ್ಕೆ ಜಿಡ್ಡು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ. 2018ರ ವರದಿಯಂತೆ ಮೊದಲ ಪಂಕ್ತಿ ಸರಾಸರಿ 5.3 ಕಿಲೋ ಇಳಿಯಿತು, ಎರಡನೆಯದು 6. ಯಾರ ಡಂಗುರ ಎಷ್ಟು ಜೋರು ಎಂದು ಮೊದಲೇ ಅಳೆದಿಟ್ಟಿದ್ದರೂ, ಯಾರಿಗೆ ಯಾವ ಪಂಕ್ತಿ ಒಗ್ಗುತ್ತದೆಂಬುದನ್ನು ಆ ಅಳತೆ ಹೇಳಲಿಲ್ಲ. ಎರಡೂ ಕಡೆ ಬಹಳ ಇಳಿದವರಿದ್ದರು, ಏರಿದವರೂ ಇದ್ದರು. ಅಮೆರಿಕದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ, ಸಕ್ಕರೆ ಗಡಿಯಲ್ಲಿದ್ದವರಿಗೆ ಶೇ. 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟಾಗ ಮಧುಮೇಹಕ್ಕೆ ತಿರುಗುವುದು ಶೇ. 58ರಷ್ಟು ತಗ್ಗಿತು (2002). ದೊರೆಯ ಲೆಕ್ಕದಲ್ಲಿ ಶೇ. 7 ಎಂದರೆ ಆರು ಕಿಲೋಗೂ ಸ್ವಲ್ಪ ಕಡಿಮೆ, ಅಕ್ಕಿಯ ಸಣ್ಣ ಚೀಲ.

ನಡಿಗೆಯ ವಿಷಯದಲ್ಲಿ ಸಿದ್ಧಾಂತ ಸರಳ: ಕೆಲಸ ಮಾಡುವ ಸ್ನಾಯು ಡಂಗುರಕ್ಕೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ.

ಇತ್ತೀಚಿನ ಕ್ಷೇತ್ರಕಾರ್ಯದ ಪ್ರಕಾರ ಖಾಲಿದೋಸೆ ಭಾನುವಾರಕ್ಕೆ ಸೀಮಿತವಾಗಿದೆ, ರಾತ್ರಿಯೂಟದ ಮೇಲೆ ಅರ್ಧ ತಾಸು ಓಣಿ ಸುತ್ತಾಟ ಶುರುವಾಗಿದೆ. ತೂಕ 80, ಟೇಪು 99. ಸಂಶೋಧಕರು ಐದನೆಯ ತೂತಿನ ಮರುಬಳಕೆಗಾಗಿ ಕಾಯುತ್ತಿದ್ದಾಗ ದೊರೆ ತೂತೇ ಇಲ್ಲದ, ಕಟಕಟ ಎನ್ನುವ ಆಟೋಮ್ಯಾಟಿಕ್ ಬೆಲ್ಟು ಕೊಂಡುತಂದರು. ಮುಂದಿನ ಆಳ್ವಿಕೆಗೆ ಲಿಖಿತ ಆಧಾರ ಸಿಗುವುದಿಲ್ಲ. ಮೂಲ ಶಾಸನವನ್ನು ಬೀಗ ಕೆಟ್ಟ ಸೂಟ್‌ಕೇಸಿಗೆ ಬಿಗಿಯಲಾಗಿದೆ. ಅಲ್ಲಿ ಎಂಟನೆಯ ತೂತು ಬೇಕಾಗಿ, ಮೊಳೆ ಮತ್ತೆ ಒಲೆಗೆ ಬಂದಿದೆ.