ಪ್ರಾಯಕ್ಕೆ ಎರಡು ಲೆಕ್ಕ

ದನದ ಪ್ರಾಯ ತಿಳಿಯಬೇಕಾದರೆ ಬಾಯಿ ತೆರೆದು ಹಲ್ಲು ನೋಡಬೇಕು. ಸರಕಾರದ ಜಾನುವಾರು ಸಂವರ್ಧನಾ ಕೇಂದ್ರವಿರುವ ಕೊಯಿಲದಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಂಡಸರ ಪ್ರಾಯಕ್ಕೆ ಮಾತ್ರ ಎರಡು ಲೆಕ್ಕ. ಮದುವೆ ಹಾಲ್‌ನಲ್ಲಿ ಬಣ್ಣ ಹಚ್ಚಿದ ತಲೆ ನೋಡಿದರೆ 45. ಉಪ್ಪಿನಂಗಡಿ–ಕಡಬ ಬಸ್ಸಿನಲ್ಲಿ ಆಧಾರ್ ನೋಡಿದರೆ 62. ಕೆಎಸ್ಸಾರ್ಟಿಸಿಯಲ್ಲಿ 60 ದಾಟಿದವರಿಗೆ ನೂರಕ್ಕೆ 25 ರಿಯಾಯಿತಿ ಉಂಟಲ್ಲ! ಕಂಡಕ್ಟರ್ ಕಾರ್ಡನ್ನೊಮ್ಮೆ, ಕಡುಕಪ್ಪು ಮೀಸೆಯನ್ನೊಮ್ಮೆ ನೋಡಿ "ಇದು ನಿಮ್ಮದೇನಾ?" ಎಂದರೆ ಸಿಟ್ಟೂ ಬರುತ್ತದೆ, ಖುಷಿಯೂ ಆಗುತ್ತದೆ. ಪಕ್ಕದಲ್ಲಿ ಕೂತ ಹೆಂಡತಿಗೆ ಈ ತಾಪತ್ರಯವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರ ಟಿಕೆಟ್ ಸೊನ್ನೆ, ಪ್ರಾಯ ಎಷ್ಟಾದರೂ ಆಗಲಿ. ಹೆಂಗಸರ ಪ್ರಾಯ ಕೇಳಬಾರದೆಂಬ ಹಳೆಯ ಮರ್ಯಾದೆಗೆ ಸರಕಾರದ ಮೊಹರು ಬಿತ್ತು.

ಬಣ್ಣ ಹಚ್ಚಲು ತಲೆಯಲ್ಲಿ ಕೂದಲಾದರೂ ಉಳಿಯಬೇಕಲ್ಲ! ಆಟಿ ತಿಂಗಳ ಮಳೆಗೆ ಅಡಿಕೆ ಉದುರಿದ ಹಾಗೆ ಕೂದಲೂ ಉದುರುತ್ತದೆ. ಅಡಿಕೆಗಾದರೆ ಮದ್ದು ಉಂಟು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹೊತ್ತಿಗೆ ಸರಿಯಾಗಿ ಬಿಟ್ಟರೆ ಕೊಳೆರೋಗ ಹತೋಟಿಗೆ ಬರುತ್ತದೆ. ತಲೆಗೆ ಎಣ್ಣೆ, ಸೀರಮ್, ನೀರುಳ್ಳಿ ರಸ ಎಲ್ಲ ಬಿಟ್ಟಾಯಿತು. ಬೋಳು ಹತೋಟಿಗೆ ಬರಲಿಲ್ಲ. ಉಳಿದದ್ದು ತಿರುಪತಿ. ಅಲ್ಲಿ ಮುಡಿ ಕೊಟ್ಟ ಕೂದಲು ಇ-ಹರಾಜಿಗೆ ಹೋಗುತ್ತದೆ, ಉದ್ದ ನೋಡಿ ದರ. ತಲೆಯ ಮೇಲಿದ್ದಷ್ಟು ದಿನ ಖರ್ಚು, ತಲೆ ಬಿಟ್ಟ ಮೇಲೆ ಬೆಲೆ! ಉದುರಲು ಶುರುವಾದವರು ಬೇಗ ಹೊರಡುವುದೇ ಲಾಯಕ್ಕು. ಹೇಗೂ ಹೋಗುವುದಕ್ಕೆ ಹರಕೆಯೆಂಬ ಹೆಸರಾದರೂ ಸಿಗುತ್ತದೆ.

ಪ್ರಾಯದ ದಾಖಲೆ ಕೇಳದ್ದು ಹಾಸಿಗೆಯೊಂದೇ. ಹಂಚಿನ ಮೇಲೆ ಮಳೆ, ಅಡಿಯಲ್ಲಿ ಹತ್ತಿಯ ಹಾಸಿಗೆ, ಮೇಲೆ ಕಂಬಳಿ. ಮೊಮ್ಮಗ ಎಂಟು ಗಂಟೆಯವರೆಗೆ ಬಿದ್ದುಕೊಂಡರೆ ಉದಾಸೀನ; ಅಜ್ಜ ಬಿದ್ದುಕೊಂಡರೆ ವಿಶ್ರಾಂತಿ. ಆದರೆ ಮಲಗಲು ಪರವಾನಗಿ ಸಿಗುವ ಪ್ರಾಯದಲ್ಲಿ ನಿದ್ದೆಯೇ ಸಿಗುವುದಿಲ್ಲ. ರಾತ್ರಿ ಎರಡು ಸಲ ಬಚ್ಚಲಿಗೆ ಹೋಗಿಬಂದು, ನಾಲ್ಕಕ್ಕೇ ಎದ್ದು ಕೂತು, "ಈಗಿನ ಮಕ್ಕಳು ನಿದ್ದೆಯಲ್ಲೇ ಹಾಳಾದರು" ಎಂದು ಗೊಣಗುವುದು. ಅದು ಉಪದೇಶವೆಂದು ಮನೆಯವರು ತಿಳಿದಿದ್ದಾರೆ, ಅಸಲಿಗೆ ಹೊಟ್ಟೆಕಿಚ್ಚು.

ಇಂಥ ಅಪ್ಪನ ಬೆನ್ನುನೋವಿಗೆಂದು ಬೆಂಗಳೂರಿನ ಮಗ ಆನ್‌ಲೈನಿನಲ್ಲಿ ದುಬಾರಿ ಹಾಸಿಗೆ ಕಳಿಸುತ್ತಾನೆ. ಹತ್ತು ವರ್ಷ ವಾರಂಟಿ. ಅಪ್ಪ ಕನ್ನಡಕ ಹಾಕಿ ಚೀಟಿ ಓದಿ, ಮನಸ್ಸಿನಲ್ಲೇ ಏನೋ ಕೂಡಿಸಿ ಕಳೆದು, ಫೋನು ಮಾಡುತ್ತಾರೆ: "ಐದು ವರ್ಷದ್ದು ಇರಲಿಲ್ಲವಾ ಮಾರಾಯ? ಕಡಿಮೆಗೆ ಸಿಗುತ್ತಿತ್ತಲ್ಲ!"